ಹಿತ್ತಿಲಲ್ಲಿ 1883ರ ಕೊಟ್ಟಿಗೆ: ಲಂಡನ್ನಿನ ಹಳೆಯ ಲೈಸೆನ್ಸನ್ನು ಎಷ್ಟು ನಂಬಬಹುದು?

ಪ್ರಶ್ನೆ: ನಮ್ಮೂರು ದಾವಣಗೆರೆ. ಬಹಳ ವರ್ಷಗಳಿಂದ ಲಂಡನ್ನಿನಲ್ಲಿದ್ದೇವೆ. ಇಸ್ಲಿಂಗ್ಟನ್‌ನಲ್ಲಿ ಒಂದು ಹಳೆಯ ಸಾಲುಮನೆ ಕೊಳ್ಳುವ ಮಾತುಕತೆ ಮುಗಿಯುತ್ತಾ ಬಂದಿದೆ. ಹಿತ್ತಿಲಲ್ಲಿ ಇಟ್ಟಿಗೆಯ ಒಂದು ಶೆಡ್ ಇದೆ: ಉದ್ದ 24 ಅಡಿ, ಅಗಲ 14, ಎತ್ತರ ಸುಮಾರು 10. ನೆಲಕ್ಕೆ ನೀಲಿಗಪ್ಪು ಇಟ್ಟಿಗೆ, ಅದರಲ್ಲಿ ಇಳಿಜಾರಾದ ಕಾಲುವೆ, ಗೋಡೆಯಲ್ಲಿ ಕಬ್ಬಿಣದ ಬಳೆಗಳು. ಹಳೆಯ ಪತ್ರಗಳ ಕಟ್ಟಿನಲ್ಲಿ 1883ರ ಒಂದು ಕಾಗದ ಸಿಕ್ಕಿತು. ಇಲ್ಲಿ ಆರು ಹಸು ಕಟ್ಟಲು ಕೊಟ್ಟ ಲೈಸೆನ್ಸ್ ಅದು. ಪಕ್ಕದ ಮನೆಯ ಹಿರಿಯರು, 'ದನಗಳ ಪ್ಲೇಗಿನಲ್ಲಿ ಸತ್ತವನ್ನೆಲ್ಲ ಇಲ್ಲೇ ಹೂತಿದ್ದಾರೆ, ಆಂಥ್ರಾಕ್ಸ್ ನೂರು ವರ್ಷ ಸಾಯುವುದಿಲ್ಲ' ಎಂದು ಹೆದರಿಸಿದ್ದಾರೆ. ನನ್ನ ಗಂಡ, 'ಸರ್ಕಾರ ತಪಾಸಣೆ ಮಾಡಿಯೇ ಲೈಸೆನ್ಸ್ ಕೊಟ್ಟಿರುತ್ತದೆ, ಶುಚಿಯಾಗಿಯೇ ಇದ್ದಿರಬೇಕು' ಎನ್ನುತ್ತಾರೆ. ಊರಿನಿಂದ ಅಮ್ಮ, 'ಹಸು ನಿಂತ ನೆಲ, ಕಣ್ಣು ಮುಚ್ಚಿ ತಗೊ' ಅಂತಾರೆ. ಶೆಡ್ಡನ್ನು ಇಬ್ಬರು ಮಕ್ಕಳ ಕೋಣೆ ಮಾಡಿ, ಹಿತ್ತಿಲಲ್ಲಿ ಸೊಪ್ಪು ಬೆಳೆಯುವ ಆಸೆ ನನ್ನದು. ಯಾರ ಮಾತು ಕೇಳಲಿ?

ಉತ್ತರ: ಮೂವರ ಮಾತನ್ನೂ ಪೂರ್ತಿ ಕೇಳಬೇಡಿ. ಪಕ್ಕದ ಮನೆಯವರು ಹೇಳಿದ ಅಪಾಯ ಅಲ್ಲಿ ಇಲ್ಲ ಎನ್ನುವಷ್ಟು ಕಡಿಮೆ. ನಿಮ್ಮ ಯಜಮಾನರು ಲೈಸೆನ್ಸಿನ ಮೇಲೆ ಇಟ್ಟ ನಂಬಿಕೆ ಅದರ ಯೋಗ್ಯತೆಗಿಂತ ಹೆಚ್ಚು. ಅಮ್ಮನ ಮಾತಿಗೆ ಕೊನೆಗೆ ಬರುತ್ತೇನೆ. ಪಶುವೈದ್ಯನಾಗಿ ಓದಿ, ಆಮೇಲೆ ಇಲ್ಲಿನ ಸ್ಥಳೀಯ ಆಡಳಿತದ ಪರಿಸರ ಆರೋಗ್ಯ ವಿಭಾಗದಲ್ಲಿ ಕೆಲಸ ಮಾಡಿದ ನನಗೆ ನಿಮ್ಮ ಪತ್ರದಲ್ಲಿ ಕಂಡ ನಿಜವಾದ ತಲೆನೋವುಗಳು ಬೇರೆಯೇ ಇವೆ: ಗೋಡೆಗೆ ಹಿಡಿದಿರಬಹುದಾದ ಉಪ್ಪು, ಮಣ್ಣಿನಲ್ಲಿರುವ ಸೀಸ, ಮತ್ತು ಹಸುಗಳು ಹೋದ ಮೇಲೆ ಆ ಶೆಡ್ಡಿಗೆ ಬಂದವರು ಯಾರು ಎಂಬ ಪ್ರಶ್ನೆ.

ಮೊದಲು ಕಾಗದ. 1883ರ ಹೊತ್ತಿಗೆ ಲಂಡನ್ನಿನಲ್ಲಿ ಹಸು ಕಟ್ಟುವವನ ಮೇಲೆ ಮೂರು ಕಡೆಯ ಕಣ್ಣಿತ್ತು, ಮೂರಕ್ಕೂ ಒಂದಕ್ಕೊಂದು ಹೊಂದಾಣಿಕೆ ಇರಲಿಲ್ಲ. ಲೈಸೆನ್ಸ್ ಕೊಡುತ್ತಿದ್ದದ್ದು ಆರೋಗ್ಯ ಇಲಾಖೆಯಲ್ಲ, ಮ್ಯಾಜಿಸ್ಟ್ರೇಟರು. 1862ರ ಮಹಾನಗರ ಆಡಳಿತ ತಿದ್ದುಪಡಿ ಕಾಯ್ದೆಯ ಪ್ರಕಾರ ದನದ ಕೊಟ್ಟಿಗೆಗೂ ಕಸಾಯಿಖಾನೆಗೂ ವರ್ಷಕ್ಕೊಮ್ಮೆ ಅವರ ಮುಂದೆ ಹೋಗಿ ಪರವಾನಗಿ ಪಡೆಯಬೇಕಿತ್ತು. ಅರ್ಜಿಯ ಸುದ್ದಿ ಮೊದಲೇ ಆ ಬಡಾವಣೆಯ ವೆಸ್ಟ್ರಿಗೆ, ಅಂದರೆ ಆಗಿನ ಸ್ಥಳೀಯ ಆಡಳಿತ ಮಂಡಳಿಗೆ ಹೋಗುತ್ತಿತ್ತು. ತಕರಾರಿದ್ದರೆ ವೆಸ್ಟ್ರಿ ಬಂದು ಹೇಳಬೇಕು, ಹೇಳದಿದ್ದರೆ ಲೈಸೆನ್ಸ್ ಬಹುಮಟ್ಟಿಗೆ ತಾನಾಗಿಯೇ ನವೀಕರಣವಾಗುತ್ತಿತ್ತು. ಎರಡನೆಯ ಕಣ್ಣು ವೆಸ್ಟ್ರಿಯ ಆರೋಗ್ಯಾಧಿಕಾರಿ ಮತ್ತು ಅವನ ಕೈಕೆಳಗೆ ಕೊಳಕು, ನಾತದ ದೂರು ನೋಡುವ 'ನ್ಯೂಸೆನ್ಸ್ ಇನ್‌ಸ್ಪೆಕ್ಟರ್'. 1855ರ ಕಾಯ್ದೆ ಲಂಡನ್ನಿನ ಪ್ರತಿ ವೆಸ್ಟ್ರಿಯೂ ಒಬ್ಬ ವೈದ್ಯನನ್ನು ಆರೋಗ್ಯಾಧಿಕಾರಿಯಾಗಿ ನೇಮಿಸಿಕೊಳ್ಳಬೇಕೆಂದು ವಿಧಿಸಿತ್ತು. ಮೂರನೆಯದು ಇಡೀ ಲಂಡನ್ನಿನ ಕಾಮಗಾರಿ ನೋಡುತ್ತಿದ್ದ ಮಹಾನಗರ ಕಾಮಗಾರಿ ಮಂಡಳಿ. 1878ರ ಜಾನುವಾರು ಸಾಂಕ್ರಾಮಿಕ ರೋಗ ಕಾಯ್ದೆಯಡಿ 1879ರಲ್ಲಿ ಡೇರಿ, ಕೊಟ್ಟಿಗೆ, ಹಾಲಿನಂಗಡಿಗಳ ಆದೇಶ ಹೊರಟ ಮೇಲೆ ಹಾಲು ಮಾರುವವನು ಅಲ್ಲಿ ಹೆಸರು ನೋಂದಾಯಿಸಬೇಕಾಯಿತು. ಅಂದರೆ ಲೈಸೆನ್ಸ್ ಜಾಗಕ್ಕೆ, ನೋಂದಣಿ ಮನುಷ್ಯನಿಗೆ, ತಪಾಸಣೆ ಗಬ್ಬುನಾತಕ್ಕೆ. 1889ರಲ್ಲಿ ಆ ಮಂಡಳಿಯ ಜಾಗಕ್ಕೆ ಲಂಡನ್ ಕೌಂಟಿ ಕೌನ್ಸಿಲ್ ಬಂದು ಮ್ಯಾಜಿಸ್ಟ್ರೇಟರ ಕೈಯಿಂದ ಲೈಸೆನ್ಸನ್ನು ತೆಗೆದುಕೊಂಡ ಮೇಲೆ, ಮತ್ತು 1891ರ ಲಂಡನ್ ಸಾರ್ವಜನಿಕ ಆರೋಗ್ಯ ಕಾಯ್ದೆ ಅದನ್ನು ಗಟ್ಟಿ ಮಾಡಿದ ಮೇಲೆಯೇ ಈ ಎಳೆಗಳು ಸ್ವಲ್ಪ ಒಂದು ಕಡೆ ಬಂದದ್ದು.

ಹೀಗಾಗಿ ನಿಮ್ಮ ಕೈಯಲ್ಲಿರುವ ಕಾಗದ ಹೇಳುವುದು ಇಷ್ಟೇ: ಆ ವರ್ಷ ಈ ಕೊಟ್ಟಿಗೆಯನ್ನು ಮುಚ್ಚಿಸಲೇಬೇಕು ಎಂದು ಯಾರೂ ಗಟ್ಟಿಯಾಗಿ ಹಠ ಹಿಡಿಯಲಿಲ್ಲ. ಹಠ ಹಿಡಿಯುವುದು ಸುಲಭವೂ ಇರಲಿಲ್ಲ. ಆರೋಗ್ಯಾಧಿಕಾರಿಗೆ ಸಂಬಳ ಕೊಡುವ ವೆಸ್ಟ್ರಿಯಲ್ಲಿ ಕೂತವರು ಅಂಗಡಿಕಾರರು, ಮನೆ ಬಾಡಿಗೆಗೆ ಬಿಟ್ಟವರು, ಕೆಲವು ಕಡೆ ಕಟುಕರು ಮತ್ತು ಹಾಲಿನವರೇ. ಇನ್‌ಸ್ಪೆಕ್ಟರುಗಳಲ್ಲಿ ಹಲವರು ನಿವೃತ್ತ ಪೊಲೀಸರು, ಸೈನಿಕರು. ಕಡಿಮೆ ಸಂಬಳ, ನೋಡಬೇಕಾದ ಬೀದಿಗಳು ಲೆಕ್ಕವಿಲ್ಲದಷ್ಟು. ಮೇಲಾಗಿ ಒಮ್ಮೆ ಸಿಕ್ಕ ಲೈಸೆನ್ಸ್ ಆಸ್ತಿಯಿದ್ದ ಹಾಗೆ, ಅಂಗಡಿ ಮಾರುವಾಗ ಅದರ ಬೆಲೆಯೂ ಸೇರುತ್ತಿತ್ತು. ಅದನ್ನು ಕಿತ್ತುಕೊಂಡರೆ ಒಂದು ಸಂಸಾರದ ಅನ್ನ ಕಿತ್ತುಕೊಂಡಂತೆ ಎಂದು ಮ್ಯಾಜಿಸ್ಟ್ರೇಟರೂ ಹಿಂಜರಿಯುತ್ತಿದ್ದರು. ಒಳ್ಳೆಯ ಅಧಿಕಾರಿಗಳು ಅದಕ್ಕೇ ಚೌಕಾಸಿಗೆ ಇಳಿಯುತ್ತಿದ್ದರು: ನೆಲಕ್ಕೆ ಇಟ್ಟಿಗೆ ಹಾಸು, ಕಾಲುವೆಗೆ ಇಳಿಜಾರು ಕೊಡು, ಮೋರಿಯ ಬಾಯಿ ಕೊಟ್ಟಿಗೆಯಿಂದ ಹೊರಗಿರಲಿ, ವರ್ಷಕ್ಕೆರಡು ಸಲ ಸುಣ್ಣ ಬಳಿ, ಹತ್ತು ಹಸುವಿನ ಬದಲು ಆರು ಕಟ್ಟು, ನಾವು ತಕರಾರು ಮಾಡುವುದಿಲ್ಲ. ನಿಮ್ಮ ಶೆಡ್ಡಿನ ನೀಲಿಗಪ್ಪು ಇಟ್ಟಿಗೆ, ಆ ಇಳಿಜಾರು ಕಾಲುವೆ ಬಹುಶಃ ಇಂಥದೇ ಒಂದು ಚೌಕಾಸಿಯ ಫಲ. ನೀರು ಕುಡಿಯದ ಇಟ್ಟಿಗೆ ಅಗ್ಗದ್ದಲ್ಲ, ಯಾರೂ ಒತ್ತಾಯವಿಲ್ಲದೆ ಹಸುವಿನ ಕಾಲಡಿ ಹಾಕಿಸುತ್ತಿರಲಿಲ್ಲ.

ನೀವು ಕೊಟ್ಟ ಅಳತೆಯನ್ನು ಗುಣಿಸಿ ನೋಡಿದೆ. 3,360 ಘನ ಅಡಿ. ಆರು ಹಸುವಿಗೆ ಹಂಚಿದರೆ ತಲೆಗೆ 560. ಮುಂದೆ 1899ರಲ್ಲಿ ಲೋಕಲ್ ಗವರ್ನಮೆಂಟ್ ಬೋರ್ಡ್ (ಸ್ಥಳೀಯ ಆಡಳಿತಗಳ ಮೇಲ್ವಿಚಾರಣೆಯ ಸರ್ಕಾರಿ ಇಲಾಖೆ) ಹೊರಡಿಸಿದ ಮಾದರಿ ನಿಯಮಾವಳಿ, ಮೇಯಲು ಹೊರಗೆ ಬಿಡದ ಹಸುವಿಗೆ 800 ಘನ ಅಡಿ ಬೇಕೆಂದಿತು. ಆ ಲೆಕ್ಕದಲ್ಲಿ ನಿಮ್ಮ ಶೆಡ್ಡಿಗೆ ನಾಲ್ಕೇ ಹಸು. ಆದರೆ 1883ರಲ್ಲಿ ಇಡೀ ದೇಶಕ್ಕೆ ಒಂದೇ ಅಳತೆ ಇರಲಿಲ್ಲ, ಆಯಾ ಊರಿನ ಅಧಿಕಾರಿ ಹೇಳಿದ್ದೇ ಅಳತೆ. ಒಂದು ಮಾತು ಹೇಳದೆ ಮುಂದೆ ಹೋಗಲಾರೆ: ಅದೇ ಬೋರ್ಡಿನ ಮಾದರಿ ನಿಯಮಗಳಲ್ಲಿ ಬಾಡಿಗೆ ಮನೆಯಲ್ಲಿ ಮಲಗುವ ಒಬ್ಬ ವಯಸ್ಕ ಮನುಷ್ಯನಿಗೆ 300 ಘನ ಅಡಿ ಸಾಕಾಗಿತ್ತು. ಹಸು ದೊಡ್ಡ ಪ್ರಾಣಿ, ಉಸಿರೂ ದೊಡ್ಡದು, ಒಪ್ಪೋಣ. ಆದರೂ ಆ ಎರಡು ಅಂಕಿಗಳನ್ನು ಪಕ್ಕಪಕ್ಕ ನೋಡಿದಾಗಲೆಲ್ಲ ನನಗೆ ಕಸಿವಿಸಿ.

ಈ ಅಳತೆಯ ಹಿಂದಿನ ನಂಬಿಕೆ ಏನೆಂದರೆ, ಕೆಟ್ಟ ಗಾಳಿಯೇ ರೋಗ. ಸಗಣಿ, ಗಂಜಲ, ಕೊಳೆತ ರಕ್ತದ ನಾತ ಮೂಗಿಗೆ ಬಡಿದರೆ ಜ್ವರ ಬಂದೇ ಬರುತ್ತದೆ ಎಂದು ಡಾಕ್ಟರುಗಳೂ ನಂಬಿದ್ದ ಕಾಲ. ಆದ್ದರಿಂದ ಕಾನೂನು ಮೂಗನ್ನು ಹಿಂಬಾಲಿಸಿತು. 1875ರ ಸಾರ್ವಜನಿಕ ಆರೋಗ್ಯ ಕಾಯ್ದೆ (ಲಂಡನ್ನಿನ ಹೊರಗಿನ ಇಂಗ್ಲೆಂಡಿಗೆ ಬಹುಮಟ್ಟಿಗೆ ಅನ್ವಯಿಸಿದ್ದು) ರಕ್ತ ಕುದಿಸುವವರು, ಮೂಳೆ ಕುದಿಸುವವರು, ತೊಗಲಿನವರು, ಸಾಬೂನಿನವರು, ಕೊಬ್ಬು ಕರಗಿಸುವವರು, ಕರುಳು ಬೇಯಿಸುವವರು ಎಂದು ಹೆಸರು ಹಿಡಿದು ಪಟ್ಟಿ ಮಾಡಿತು. ಹೊಸದಾಗಿ ಶುರುಮಾಡಲು ಪಟ್ಟಣದ ಆಡಳಿತದ ಒಪ್ಪಿಗೆ ಬೇಕು. ಹತ್ತು ಜನ ನಿವಾಸಿಗಳು ಸಹಿ ಹಾಕಿ ನಾತದ ದೂರು ಕೊಟ್ಟರೂ ಸಾಕು, ಅಧಿಕಾರಿಗಳು ಕದಲಬೇಕಿತ್ತು.

ಹಂದಿಯ ವಿಷಯದಲ್ಲಿ ಲೈಸೆನ್ಸಿನ ಮಾತೇ ಇಲ್ಲ, ಓಡಿಸುವುದೊಂದೇ ದಾರಿ. ಪಶ್ಚಿಮ ಲಂಡನ್ನಿನ ಕೆನ್ಸಿಂಗ್ಟನ್‌ನಲ್ಲಿ, ಈಗ ಕೋಟಿಗಟ್ಟಲೆ ಬೆಲೆಯ ಮನೆಗಳಿರುವ ಕಡೆಗೆ ಅಂಟಿಕೊಂಡೇ, ನಾಟಿಂಗ್ ಡೇಲ್‌ನ 'ಪಾಟರೀಸ್' ಎಂಬ ಕೇರಿ ಇತ್ತು. 1840ರ ದಶಕದ ಕೊನೆಗೆ ಅಲ್ಲಿ ಸುಮಾರು ಸಾವಿರ ಜನ, ಮೂರು ಸಾವಿರ ಹಂದಿಗಳು. ಇಟ್ಟಿಗೆಗೆ ಮಣ್ಣು ತೆಗೆದ ಗುಂಡಿಗಳಲ್ಲಿ ಹಂದಿಗೂಡಿನ ಕೊಚ್ಚೆ ನಿಂತು ಕೆರೆಯಾಗಿತ್ತು, ಜನ ಅದನ್ನು 'ಸಮುದ್ರ' ಎಂದೇ ಕರೆಯುತ್ತಿದ್ದರು. ಆ ಹಂದಿಗಳನ್ನು ಸಾಗಹಾಕಲು ಕೆನ್ಸಿಂಗ್ಟನ್ ವೆಸ್ಟ್ರಿಗೆ 1870ರ ದಶಕದ ಕೊನೆಯವರೆಗೆ ಹಿಡಿಯಿತು. ಹಂದಿ ಹೋದರೆ ಬಾಡಿಗೆ ಕೊಡುವುದು ಹೇಗೆ ಎಂದು ಕೇಳಿದವರಿಗೆ ಕಾಯ್ದೆಯಲ್ಲಿ ಉತ್ತರ ಇರಲಿಲ್ಲ.

ಇನ್ನು ಕುದುರೆ. ಊರಿನ ತುಂಬ ಲಕ್ಷಗಟ್ಟಲೆ ಕುದುರೆ, ರಸ್ತೆಯ ತುಂಬ ಲದ್ದಿ, ಬೇಸಿಗೆಯಲ್ಲಿ ನೊಣದ ಮೋಡ. ಬದುಕಿದ್ದ ಕುದುರೆಯ ಲಾಯಕ್ಕೆ ಕೊಟ್ಟಿಗೆಯಂಥ ವಾರ್ಷಿಕ ಲೈಸೆನ್ಸ್ ಇರಲಿಲ್ಲ, ಸತ್ತ ಕುದುರೆಯ ಅಂಗಳಕ್ಕೆ ಇತ್ತು. ಅದೂ 1786ರಷ್ಟು ಹಿಂದೆಯೇ, ಕಾರಣ ಆರೋಗ್ಯವಲ್ಲ, ಕಳ್ಳತನ: ಕದ್ದ ಕುದುರೆಯನ್ನು ಕೊಂದು ತೊಗಲು ಮಾರಿದರೆ ಗುರುತು ಸಿಗುವುದಿಲ್ಲವಲ್ಲ! 1849ರ ಪ್ರಾಣಿಹಿಂಸೆ ತಡೆ ಕಾಯ್ದೆ ಇದಕ್ಕೆ ಇನ್ನೊಂದು ಸೇರಿಸಿತು. ಕೊಲ್ಲಲು ತಂದ ಕುದುರೆಯ ಕತ್ತಿನ ಕೂದಲು ಕತ್ತರಿಸಬೇಕು, ಮೂರು ದಿನದೊಳಗೆ ಕೊಲ್ಲಬೇಕು, ಮತ್ತೆ ಗಾಡಿಗೆ ಹೂಡುವ ಹಾಗಿಲ್ಲ. ಯಾವುದಕ್ಕೆ ಲೈಸೆನ್ಸ್ ಬೇಕು, ಯಾವುದಕ್ಕೆ ಬೇಡ ಎನ್ನುವುದು ಅಪಾಯದ ಅಳತೆಯ ಮೇಲೆ ತೀರ್ಮಾನವಾಗಿರಲಿಲ್ಲ ಎಂದು ತೋರಿಸಲು ಇಷ್ಟು ಹೇಳಿದೆ.

ಹಾಗಾದರೆ ಕೊಟ್ಟಿಗೆಯ ನಿಜವಾದ ಅಪಾಯ ಎಲ್ಲಿತ್ತು? ಇದಕ್ಕೆ ಉತ್ತರ ಸಿಕ್ಕಿದ್ದು ನೀವು ಮನೆ ಕೊಳ್ಳುತ್ತಿರುವ ಇಸ್ಲಿಂಗ್ಟನ್‌ನಲ್ಲೇ. 1870ರಲ್ಲಿ ಅಲ್ಲಿ ಟೈಫಾಯ್ಡ್ ಎದ್ದಿತು. ಆರೋಗ್ಯಾಧಿಕಾರಿ ಎಡ್ವರ್ಡ್ ಬಲ್ಲಾರ್ಡ್ ಮನೆಮನೆ ಸುತ್ತಿ ನೋಡಿದರೆ, ಕಾಯಿಲೆ ಬಿದ್ದ ಮನೆಗಳ ಪೈಕಿ ಬಹುಪಾಲಿಗೆ ಹಾಲು ಬರುತ್ತಿದ್ದದ್ದು ಒಂದೇ ಡೇರಿಯಿಂದ. ಅಕ್ಕಪಕ್ಕದ ಮನೆ, ಒಂದೇ ಗಾಳಿ, ಒಂದೇ ಮೋರಿ. ಆದರೂ ಆ ಹಾಲು ತರಿಸದವರು ಬಹುಮಟ್ಟಿಗೆ ಪಾರಾಗಿದ್ದರು. ಡೇರಿಯಲ್ಲಿ ನೆಲದಡಿ ಒಂದು ನೀರಿನ ತೊಟ್ಟಿ ಇತ್ತು, ಇಲಿಗಳು ಕೊರೆದ ಬಿಲಗಳ ಮೂಲಕ ಅದಕ್ಕೂ ಮೋರಿಗೂ ದಾರಿಯಾಗಿತ್ತು. ಆ ನೀರು ಹಾಲಿಗೆ ಸೇರುವುದಕ್ಕೆ ಪಾತ್ರೆ ತೊಳೆದರೂ ಸಾಕು, ಹಾಲಿಗೆ ನೀರು ಬೆರೆಸಿದರಂತೂ ಸರಿಯೇ ಸರಿ. ಇದಕ್ಕೂ ಮುಂಚೆ, 1857ರಲ್ಲಿ, ಪೆನ್ರಿತ್‌ನ ವೈದ್ಯ ಟೇಲರ್ ಹಾಲಿನಿಂದ ಟೈಫಾಯ್ಡ್ ಹರಡಿದ್ದನ್ನು ಗುರುತಿಸಿದ್ದರು, ಹೆಚ್ಚು ಜನ ಕಿವಿಗೊಟ್ಟಿರಲಿಲ್ಲ. 1873ರಲ್ಲಿ ಮತ್ತೊಂದು: ಮ್ಯಾರಿಲಬೋನ್‌ನ ಶ್ರೀಮಂತ ಬೀದಿಗಳಿಗೆ, ಡಾಕ್ಟರುಗಳ ಮನೆಗಳಿಗೇ, ಹಳ್ಳಿಯಿಂದ ಬಂದ 'ಶುದ್ಧ' ಹಾಲು ಟೈಫಾಯ್ಡ್ ತಂದಿತು. ಊರೊಳಗಿನ ಕೊಳಕು ಕೊಟ್ಟಿಗೆ ಮುಚ್ಚಿ ಹಳ್ಳಿಯ ಹಾಲು ತರಿಸಿದರೆ ಎಲ್ಲ ಸರಿಹೋಗುತ್ತದೆ ಎಂದವರಿಗೆ ಅದು ಕಪಾಳಮೋಕ್ಷ.

ಅಂದರೆ ಕೊಟ್ಟಿಗೆಯ ಅಪಾಯ ಪ್ರತಿದಿನ ಬೆಳಗ್ಗೆ ಹಾಲಿನ ಕ್ಯಾನಿನಲ್ಲಿ ಕೂತು ಹೊರಗೆ ಹೋಗುತ್ತಿತ್ತು. ನೆಲದಲ್ಲಿ ಕಾದು ಕೂರುತ್ತಿರಲಿಲ್ಲ. ಬಲ್ಲಾರ್ಡರ ಪತ್ತೆಯ ನಂತರವೂ ಹಾಲಿನವರ ಮೇಲೆ ಒಂದು ಆದೇಶ ಬರಲು ಒಂಬತ್ತು ವರ್ಷ ಬೇಕಾಯಿತು, ಅದೂ ಜಾನುವಾರು ರೋಗದ ಕಾಯ್ದೆಯ ಬೆನ್ನೇರಿ. ಅದೇ ಬಲ್ಲಾರ್ಡ್ ಮುಂದೆ ಸರ್ಕಾರದ ಕೆಲಸಕ್ಕೆ ಸೇರಿ ವರ್ಷಗಟ್ಟಲೆ ದೇಶ ಸುತ್ತಿ ನಾತದ ಉದ್ಯೋಗಗಳ ಬಗ್ಗೆಯೇ ದೊಡ್ಡ ವರದಿ ಬರೆದರು ಎನ್ನುವುದು ಆ ಕಾಲದ ಮನಸ್ಸಿಗೆ ಒಳ್ಳೆಯ ಉದಾಹರಣೆ.

ಈಗ ಪಕ್ಕದ ಮನೆಯವರ ಮಾತು, ಒಂದೊಂದಾಗಿ.

ದನಗಳ ಪ್ಲೇಗ್ ಎಂದು ಅವರು ಹೇಳಿದ್ದು ರಿಂಡರ್‌ಪೆಸ್ಟ್, ನಮ್ಮ ಹಳ್ಳಿಗಳ ದೊಡ್ಡರೋಗ. 1865ರ ಬೇಸಿಗೆಯಲ್ಲಿ ಬಾಲ್ಟಿಕ್ ತೀರದ ರೆವೆಲ್‌ನಿಂದ ಹಲ್ ಬಂದರಿಗೆ ಇಳಿದ ದನಗಳ ಜೊತೆ ಬಂತೆಂದು ನಂಬಿಕೆ. ಜೂನ್‌ನಲ್ಲಿ ಇಸ್ಲಿಂಗ್ಟನ್ ಮತ್ತು ಲ್ಯಾಂಬೆತ್‌ನ ಹಾಲಿನ ಕೊಟ್ಟಿಗೆಗಳಲ್ಲಿ ಕಾಣಿಸಿಕೊಂಡಿತು. ಕಾರಣ ಸರಳ: ಹೊಸ ಮಹಾನಗರ ದನದ ಸಂತೆ 1855ರಿಂದ ಇಸ್ಲಿಂಗ್ಟನ್‌ನಲ್ಲೇ ನಡೆಯುತ್ತಿತ್ತು, ಹಾಲಿನವರು ಹಸು ಕೊಳ್ಳುತ್ತಿದ್ದದ್ದೂ ಅಲ್ಲೇ. ಮೊದಲ ತಿಂಗಳುಗಳಲ್ಲಿ ಪರಿಹಾರ ಇರಲಿಲ್ಲ, ಹಾಗಾಗಿ ಕಾಯಿಲೆಯ ಸುಳಿವು ಸಿಕ್ಕವರು ಹಸುವನ್ನು ಹೂಳಲಿಲ್ಲ, ಅವಸರದಲ್ಲಿ ಮಾರಿದರು. ರೋಗ ಹರಡಿದ್ದು ಹಾಗೆ. 1866ರ ಫೆಬ್ರವರಿಯಲ್ಲಿ ಪರಿಹಾರ ಕೊಟ್ಟು ಕಡ್ಡಾಯವಾಗಿ ಕೊಲ್ಲಿಸುವ ಕಾಯ್ದೆ ಬಂದ ಮೇಲೆ ತಹಬಂದಿಗೆ ಬಂತು. ಇಟ್ಟಿಗೆ ಹಾಸಿದ ಪುಟ್ಟ ಹಿತ್ತಿಲಲ್ಲಿ ಹಸುವಿನ ಗಾತ್ರದ ಗುಂಡಿ ತೋಡುವವರು ಯಾರು? ಸತ್ತ ಹಸುವಿಗೂ ಮೂಳೆ, ತೊಗಲು, ಕೊಬ್ಬಿನ ಬೆಲೆ ಇತ್ತು, ಅದು ಗಾಡಿ ಏರಿ ಸತ್ತ ಪ್ರಾಣಿಗಳ ಅಂಗಳಕ್ಕೆ ಹೋಗುತ್ತಿತ್ತು. ಹೂತಿದ್ದಾರೆಂದೇ ಇಟ್ಟುಕೊಳ್ಳಿ, ಆ ವೈರಸ್ ಮನುಷ್ಯರಿಗೆ ತಗಲುವುದಿಲ್ಲ, ಮಣ್ಣಿನಲ್ಲಿ ಹೆಚ್ಚು ದಿನ ಉಳಿಯುವುದಿಲ್ಲ, ಮತ್ತು 2011ರಲ್ಲಿ ಇಡೀ ಭೂಮಿಯಿಂದಲೇ ನಿರ್ಮೂಲವಾಗಿದೆ.

ಹಸುವಿನ ಕ್ಷಯ ಆ ಕಾಲದ ಕೊಟ್ಟಿಗೆಗಳಲ್ಲಿ ಖಂಡಿತ ಇತ್ತು. ಗಾಳಿ ಬೆಳಕಿಲ್ಲದೆ ಒತ್ತೊತ್ತಾಗಿ ಕಟ್ಟಿದ ಹಸುಗಳಲ್ಲಿ ಒಂದಕ್ಕೆ ಬಂದರೆ ಉಳಿದವಕ್ಕೂ ಬರುತ್ತಿತ್ತು, ಕೆಚ್ಚಲಿಗೆ ಇಳಿದರೆ ಹಾಲಿನಿಂದ ಮಕ್ಕಳಿಗೆ. ಜರ್ಮನ್ ವಿಜ್ಞಾನಿ ರಾಬರ್ಟ್ ಕೋಕ್ 1882ರಲ್ಲಿ ಕ್ಷಯದ ಬ್ಯಾಕ್ಟೀರಿಯಾ ತೋರಿಸಿದರೂ 1901ರಲ್ಲಿ ಲಂಡನ್ನಿಗೇ ಬಂದು ಹಸುವಿನ ಕ್ಷಯ ಮನುಷ್ಯನಿಗೆ ಬರುವುದು ತೀರಾ ಅಪರೂಪ ಎಂದುಬಿಟ್ಟರು. ಅದು ತಪ್ಪೆಂದು ತೀರ್ಮಾನಿಸಲು ಸರ್ಕಾರ ನೇಮಿಸಿದ ವಿಚಾರಣಾ ಮಂಡಳಿಗೆ (ರಾಯಲ್ ಕಮಿಷನ್) ಹತ್ತು ವರ್ಷ ಬೇಕಾಯಿತು. ಆದರೆ ನಿಮ್ಮ ಮಟ್ಟಿಗೆ ಇದು ಮುಗಿದ ಕತೆ. ಕ್ಷಯದ ಬ್ಯಾಕ್ಟೀರಿಯಾ ಸಗಣಿ, ಮಣ್ಣಿನಲ್ಲಿ ಬದುಕುವುದು ಹೆಚ್ಚೆಂದರೆ ತಿಂಗಳುಗಳ ಲೆಕ್ಕ. ಹಸುವಿನ ಗರ್ಭಪಾತ ಮಾಡಿಸುವ ಬ್ರುಸೆಲ್ಲಾ ಬ್ಯಾಕ್ಟೀರಿಯಾ ಕೂಡ ಅಷ್ಟೇ.

ಉಳಿದದ್ದು ಆಂಥ್ರಾಕ್ಸ್, ನಮ್ಮ ಕಡೆಯ ನೆರಡಿ ರೋಗ. ಅದರ ಬೀಜಾಣುಗಳು ಮಣ್ಣಿನಲ್ಲಿ ಹತ್ತಾರು ವರ್ಷ ಉಳಿಯುತ್ತವೆ, ಪಕ್ಕದ ಮನೆಯವರು ಅಷ್ಟರಮಟ್ಟಿಗೆ ಸರಿ. ಆದರೆ ಅವನ್ನು ಹುಡುಕಬೇಕಾದದ್ದು ಹದ ಹಾಕುವ ತೊಗಲಿನ ಅಂಗಳದಲ್ಲಿ, ಉಣ್ಣೆ ಮತ್ತು ಕೂದಲಿನ ಕಾರ್ಖಾನೆಯಲ್ಲಿ, ಸತ್ತ ಪ್ರಾಣಿಗಳನ್ನು ಕತ್ತರಿಸಿದ ಜಾಗದಲ್ಲಿ, ಹಳ್ಳಿಯಲ್ಲಿ ಹೆಣ ಹೂತ ಹೊಲದಲ್ಲಿ. ಆರು ಹಸುವಿನ ಹಾಲಿನ ಕೊಟ್ಟಿಗೆಯಲ್ಲಿ ಅಲ್ಲ. ಒಂದು ಅಪವಾದ ಹೇಳುತ್ತೇನೆ. ಇಸ್ಲಿಂಗ್ಟನ್‌ನ ಪಶ್ಚಿಮ ಅಂಚಿನಲ್ಲಿ, ಕಿಂಗ್ಸ್ ಕ್ರಾಸ್‌ನಿಂದ ಉತ್ತರಕ್ಕೆ, ಈಗಿನ ಯಾರ್ಕ್ ವೇ ಬದಿಗೆ 'ಬೆಲ್ ಐಲ್' ಎಂಬ ಜಾಗವಿತ್ತು. ಕುದುರೆ ಕೊಲ್ಲುವವರು, ಮೂಳೆ ಕುದಿಸುವವರು, ಕೊಬ್ಬು ಕರಗಿಸುವವರು ಎಲ್ಲ ಅಲ್ಲೇ. ನಿಮ್ಮ ಮನೆ ಆ ಬೀದಿಗಳಿಗೆ ಅಂಟಿಕೊಂಡಿದ್ದರೆ ಮಾತ್ರ ಆಳವಾಗಿ ಅಗೆಯುವ ಮೊದಲು ಕೌನ್ಸಿಲ್ಲಿನ ಕಲುಷಿತ ಭೂಮಿ ಅಧಿಕಾರಿಯನ್ನು ಕೇಳಿ. ಅಲ್ಲಿಯೂ ಮನೆಯವರಿಗೆ ಕಾಯಿಲೆ ಬರುವ ಸಾಧ್ಯತೆ ತೀರಾ ಕಡಿಮೆ.

ಅಗೆಯುವವರಿಗೆ ನಾನು ಹೇಳುವುದು ಬೇರೊಂದು ಬೀಜಾಣುವಿನ ಬಗ್ಗೆ. ಧನುರ್ವಾಯುವಿನದು. ದನ, ಕುದುರೆಗಳ ಸಗಣಿ ಬಿದ್ದ ಯಾವುದೇ ತೋಟದ ಮಣ್ಣಿನಲ್ಲಿ ಅದು ಇರಬಹುದು. ನಿಮ್ಮೆಲ್ಲರ ಲಸಿಕೆ ಪೂರ್ತಿಯಾಗಿದೆಯೇ ನೋಡಿಕೊಳ್ಳಿ, ಊರಿನಲ್ಲಿ ಹಾಕಿಸಿದ್ದರ ಚೀಟಿ ಸಿಗದಿದ್ದರೆ ಇಲ್ಲಿನ ಜಿಪಿಗೆ, ಅಂದರೆ ನಿಮ್ಮ ಕುಟುಂಬ ವೈದ್ಯರಿಗೆ, ಹಾಗೆಂದೇ ಹೇಳಿ.

ಇನ್ನು ಶೆಡ್ಡು. ನಾನು ನೋಡಿದ ಕೊಟ್ಟಿಗೆ, ಲಾಯಗಳ ಪರಿವರ್ತನೆಗಳಲ್ಲಿ ಮನೆಯವರನ್ನು ಅಳಿಸಿದ್ದು ರೋಗವಲ್ಲ, ಉಪ್ಪು. ದಶಕಗಟ್ಟಲೆ ಗಂಜಲ ಕುಡಿದ ಇಟ್ಟಿಗೆಯಲ್ಲಿ ನೈಟ್ರೇಟ್ ಉಪ್ಪು ತುಂಬಿಕೊಂಡಿರುತ್ತದೆ. ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಹಾಗಾಗಿ ಎಷ್ಟು ಒಣಗಿಸಿದರೂ ಗೋಡೆ ಒದ್ದೆ, ಪೇಂಟು ಹಪ್ಪಳದಂತೆ ಏಳುತ್ತದೆ. ತೇವದ ಮೀಟರ್ ಹಿಡಿದು ಬಂದ ಗುತ್ತಿಗೆದಾರ 'ನೆಲದಿಂದ ನೀರು ಏರುತ್ತಿದೆ' ಎಂದು ಹೇಳಿ ಸಾವಿರಾರು ಪೌಂಡಿನ ಕೆಮಿಕಲ್ ಇಂಜೆಕ್ಷನ್ ಮಾರುತ್ತಾನೆ. ಉಪ್ಪಿದ್ದರೂ ಆ ಮೀಟರ್ ಮೇಲಕ್ಕೇ ತೋರಿಸುತ್ತದೆ ಎಂಬುದು ಅವನಿಗೂ ಗೊತ್ತು. ಮೊದಲು ಗೋಡೆಯ ಕೆಳಗಿನ ಮೂರು ನಾಲ್ಕು ಅಡಿಯಿಂದ ಪ್ಲಾಸ್ಟರಿನ ಮಾದರಿ ತೆಗೆಸಿ ಉಪ್ಪಿನ ಪರೀಕ್ಷೆ ಮಾಡಿಸಿ.

ಉಪ್ಪು ಇದ್ದರೆ ಒಂದು ದಾರಿ ಗೋಡೆಗೆ ಸುಣ್ಣದ ಗಾರೆ ಬಳಿದು ಉಪ್ಪು ಅದಕ್ಕೆ ಏರಲು ಬಿಡುವುದು. ಕೆಲವು ವರ್ಷಕ್ಕೆ ಗಾರೆ ಉದುರುತ್ತದೆ, ಮತ್ತೆ ಬಳಿಯಬೇಕು. ಅಗ್ಗ, ಗೋಡೆಗೆ ಹಿತ, ಆದರೆ ಮಕ್ಕಳ ಕೋಣೆಗೆ ಆಗಾಗ ಪುಡಿ ಉದುರುವುದನ್ನು ಸಹಿಸಬೇಕು. ಇನ್ನೊಂದು, ಗೋಡೆಯಿಂದ ತುಸು ಬಿಟ್ಟು ಒಳಗೆ ಹೊಸ ಗೋಡೆ ಎಬ್ಬಿಸಿ ನಡುವೆ ಪದರ ಹಾಕುವುದು. ನನ್ನ ಒಲವು ಇದರ ಕಡೆಗೆ, ಕೋಣೆ ಸ್ವಲ್ಪ ಕಿರಿದಾಗುತ್ತದೆ, ಅಷ್ಟೇ. ನೇರವಾಗಿ ಸಿಮೆಂಟ್ ಮೆತ್ತುವುದನ್ನು ಮಾತ್ರ ಮಾಡಬೇಡಿ. ಉಪ್ಪು ಅದರ ಹಿಂದೆ ಸೇರಿ ಇಟ್ಟಿಗೆಯ ಮುಖವನ್ನೇ ಪುಡಿ ಮಾಡುತ್ತದೆ, ಮೇಲೇರಿ ಸಿಮೆಂಟ್ ಮುಗಿದ ಕಡೆ ಹೊರಬರುತ್ತದೆ. ಹಳೆಯ ನೆಲ ಉಳಿಸಿಕೊಳ್ಳುವ ಆಸೆ ಇದ್ದರೆ, ಕಾಲುವೆ ಎಲ್ಲಿಗೆ ಹೋಗಿ ಸೇರುತ್ತದೆ ಎಂದು ಕ್ಯಾಮೆರಾ ಇಳಿಸಿ ನೋಡಿಸಿ. ಮುರಿದ ಹಳೆಯ ಮೋರಿಯನ್ನು ಹಾಗೇ ಬಿಟ್ಟರೆ ಬಲ್ಲಾರ್ಡರ ಇಲಿಗಳ ಮರಿಮಕ್ಕಳು ನಿಮ್ಮ ಮಕ್ಕಳ ಕೋಣೆಗೆ ಬರುತ್ತವೆ. ವಾಸದ ಕೋಣೆ ಮಾಡಲು ಕಟ್ಟಡ ನಿಯಮಗಳ ಒಪ್ಪಿಗೆ ಬೇಕು, ಸಂರಕ್ಷಿತ ಪ್ರದೇಶವಾದರೆ ಇನ್ನೊಂದು ಸುತ್ತಿನ ಅನುಮತಿ.

ಹಸುಗಳು ಹೋದ ಮೇಲೆ ಯಾರು ಬಂದರು ಎಂದು ಕೇಳಿದೆನಲ್ಲ, ಅದು ಇದಕ್ಕಿಂತ ಮುಖ್ಯ. ಹಳ್ಳಿಯಿಂದ ರೈಲಿನಲ್ಲಿ ಬರುವ ಹಾಲು ಊರೊಳಗಿನ ಕೊಟ್ಟಿಗೆಗಳನ್ನು ಗೆದ್ದ ಮೇಲೆ ಲಂಡನ್ನಿನ ಇಂಥ ಶೆಡ್ಡುಗಳಿಗೆ ಮೋಟಾರು ರಿಪೇರಿಯವರು, ಮುದ್ರಣದವರು, ಲೋಹಕ್ಕೆ ಮೆರುಗು ಕೊಡುವವರು ಬಂದರು. ಎಣ್ಣೆ, ದ್ರಾವಕ, ಕ್ರೋಮಿಯಂ, ಸೀಸ ಸಗಣಿಯ ಹಾಗೆ ಕೊಳೆತು ಹೋಗುವುದಿಲ್ಲ. ಛಾವಣಿಯಲ್ಲಿ ಸುಕ್ಕುಗಟ್ಟಿದ ಬೂದು ಶೀಟ್ ಇದ್ದರೆ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಮುರಿಯಬೇಡಿ, ಪರೀಕ್ಷೆ ಮಾಡಿಸಿ. ಹಳೆಯ ಪೇಂಟನ್ನು ಒಣ ಉಜ್ಜುವುದೂ ಬೇಡ, ಅದರಲ್ಲಿ ಸೀಸ ಇದ್ದೇ ಇರುತ್ತದೆ ಎಂದುಕೊಳ್ಳಿ. ಸೊಪ್ಪಿನ ಆಸೆಗೂ ಇದೇ ಉತ್ತರ. ಕಲ್ಲಿದ್ದಲ ಬೂದಿ, ಪೇಂಟು, ಹಳೆಯ ಪೆಟ್ರೋಲಿನ ಹೊಗೆಯಿಂದ ಲಂಡನ್ನಿನ ಹಿತ್ತಿಲ ಮಣ್ಣಿನಲ್ಲಿ ಸೀಸ ಸಾಮಾನ್ಯ. ಮಣ್ಣು ಪರೀಕ್ಷೆಗೆ ಹೆಚ್ಚು ಖರ್ಚಿಲ್ಲ. ವರದಿ ಬರುವವರೆಗೆ ಮೆಂತ್ಯ, ದಂಟು, ಪಾಲಕ್ ಏನಿದ್ದರೂ ಎತ್ತರಿಸಿದ ಮಡಿಯಲ್ಲಿ, ಕೊಂಡು ತಂದ ಮಣ್ಣಿನಲ್ಲಿ.

ಅಮ್ಮನ ಮಾತು. ಲಂಡನ್ನಿನ ಹಾಲಿನವರು, ಅವರಲ್ಲಿ ಬಹಳ ಮಂದಿ ವೇಲ್ಸ್‌ನ ಕಾರ್ಡಿಗನ್‌ಶೈರ್‌ನಿಂದ ಬಂದವರು, ಆಗತಾನೆ ಕರು ಹಾಕಿದ ಹಸುವನ್ನು ಸಂತೆಯಲ್ಲಿ ಕೊಳ್ಳುತ್ತಿದ್ದರು. ಬಿಯರ್ ಮಾಡಿ ಉಳಿದ ಜವೆಯ ಚರಟ ತಿನ್ನಿಸಿ, ಹೊರಗೆ ಬಿಡದೆ, ಹಾಲು ಬತ್ತುವವರೆಗೆ ಕರೆದು, ಬತ್ತಿದ ಮೇಲೆ ಕೊಬ್ಬಿಸಿ ಕಟುಕರಿಗೆ ಮಾರುತ್ತಿದ್ದರು. ಆ ಕೊಟ್ಟಿಗೆಯಲ್ಲಿ ಹಸು ಮುದಿಯಾದದ್ದಿಲ್ಲ. ಇದನ್ನು ಅಮ್ಮನಿಗೆ ಹೇಳುವುದು ಬಿಡುವುದು ನಿಮಗೆ ಸೇರಿದ್ದು. ಗೃಹಪ್ರವೇಶಕ್ಕೆ ನನ್ನ ಅಡ್ಡಿಯೇನೂ ಇಲ್ಲ.

ಸಹಿ ಹಾಕುವ ಮೊದಲು ಒಂದಿಷ್ಟು ಹುಡುಕಾಟ ಮಾಡಿ, ಹೆಚ್ಚಿನದೆಲ್ಲ ಉಚಿತ. ಇಸ್ಲಿಂಗ್ಟನ್ ಆರೋಗ್ಯಾಧಿಕಾರಿಯ ವಾರ್ಷಿಕ ವರದಿಗಳು ವೆಲ್‌ಕಮ್ ಸಂಗ್ರಹದ 'ಲಂಡನ್ಸ್ ಪಲ್ಸ್' ವಿಭಾಗದಲ್ಲಿ ಆನ್‌ಲೈನ್ ಸಿಗುತ್ತವೆ. ಬೀದಿಯ ಹೆಸರು ಹಾಕಿ ಹುಡುಕಿ. ಕೆಲವು ವರದಿಗಳಲ್ಲಿ ಕೊಟ್ಟಿಗೆಗಳ ಬಗ್ಗೆ ಟಿಪ್ಪಣಿ ಇರುತ್ತದೆ. ಕಾಮಗಾರಿ ಮಂಡಳಿಯ ಮತ್ತು ಕೌಂಟಿ ಕೌನ್ಸಿಲ್ಲಿನ ಕಡತಗಳು ಲಂಡನ್ ಆರ್ಕೈವ್ಸ್‌ನಲ್ಲಿವೆ, ವೆಸ್ಟ್ರಿಯ ನಡಾವಳಿ ಇಸ್ಲಿಂಗ್ಟನ್‌ನ ಸ್ಥಳೀಯ ಇತಿಹಾಸ ಕೇಂದ್ರದಲ್ಲಿ ಕೇಳಿ. 1870 ಮತ್ತು 1890ರ ದಶಕದ ದೊಡ್ಡ ಅಳತೆಯ ಆರ್ಡ್‌ನನ್ಸ್ ಸರ್ವೇ ನಕ್ಷೆಗಳನ್ನು ಸ್ಕಾಟ್ಲೆಂಡ್ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಇಂದಿನ ಬೀದಿಯ ಮೇಲೆ ಇಟ್ಟು ನೋಡಬಹುದು. 1890ರಿಂದ 1960ರವರೆಗಿನ ಪೋಸ್ಟ್ ಆಫೀಸ್ ಡೈರೆಕ್ಟರಿಗಳಲ್ಲಿ ನಿಮ್ಮ ಮನೆ ನಂಬರಿನ ಎದುರು ಯಾವ ಉದ್ಯೋಗ ಇದೆ ಎಂದು ಐದೈದು ವರ್ಷಕ್ಕೊಂದರಂತೆ ಬರೆದುಕೊಳ್ಳಿ. ಅಲ್ಲಿ 'ಡೇರಿಮನ್' ಆದ ಮೇಲೆ 'ಪ್ಲೇಟರ್' (ಲೋಹಕ್ಕೆ ಮೆರುಗು ಕೊಡುವವನು) ಅಥವಾ 'ಮೋಟಾರ್ ಎಂಜಿನಿಯರ್' ಎಂದು ಕಂಡರೆ ನಿಮ್ಮ ವಕೀಲರಿಗೆ ಫೋನ್ ಮಾಡಿ, ಶೆಡ್ಡಿನ ನೆಲದಡಿಯ ಮಣ್ಣಿನ ಪರೀಕ್ಷೆ ಮಾಡಿಸುವವರೆಗೆ ಒಪ್ಪಂದ ವಿನಿಮಯ (ಇಬ್ಬರನ್ನೂ ಕಟ್ಟಿಹಾಕುವ ಸಹಿ) ಬೇಡ ಎಂದು ಹೇಳಿ. ಪರೀಕ್ಷೆಯ ಖರ್ಚನ್ನು ಮಾರುವವರ ಜೊತೆ ಹಂಚಿಕೊಳ್ಳುವ ಮಾತೂ ಆಗಲೇ ಎತ್ತಬಹುದು.